ಅಪ್ಪನ ರೇಜರ್ ನನಗೆ, ನನ್ನ ಶೇವರ್ ಅಪ್ಪನಿಗೆ

ಅಪ್ಪನ ಗದ್ದದ ಮೇಲೆ ಆಗಿದ್ದು ಸಾಸಿವೆ ಕಾಳಿನಷ್ಟು ಗಾಯ. ರಕ್ತ ಮಾತ್ರ ಇಪ್ಪತ್ತು ನಿಮಿಷ ಆದರೂ ನಿಲ್ಲಲಿಲ್ಲ. ಪಟಿಕದ ಕಲ್ಲು ಉಜ್ಜಿದರು. ಹತ್ತಿ ಒತ್ತಿದರು. ಹಳೇ ಅಭ್ಯಾಸದಂತೆ ಪೇಪರಿನ ಅಂಚು ಹರಿದು ಅಂಟಿಸಿಕೊಂಡರು. ಅದೂ ಕೆಂಪಾಗಿ ಉದುರಿಹೋಯಿತು. ಬನಿಯನ್ನಿನ ಕತ್ತಿನ ಪಟ್ಟಿ ಪೂರ್ತಿ ಕಲೆ.

ಇದು 2023ರ ಮಾತು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ತಿಪಟೂರಿನ ಮನೆಗೆ ಬಂದು ಆಗ ಎರಡು ವಾರ ಆಗಿತ್ತು. ರಕ್ತ ಹೆಪ್ಪುಗಟ್ಟದ ಹಾಗೆ ದಿನಾ ಎರಡು ಮಾತ್ರೆ. ಇನ್ನು ಮೇಲೆ ಬ್ಲೇಡ್ ಬೇಡ, ಮಷೀನ್ ಬಳಸಿ ಅಂತ ಡಿಸ್ಚಾರ್ಜ್ ದಿನವೇ ಡಾಕ್ಟರ್ ಹೇಳಿದ್ದರು. ಅಪ್ಪನಿಗೆ ಅದು ಕೇಳಿಸಲಿಲ್ಲ ಅಂತ ಏನಲ್ಲ. ಆದರೆ ಐವತ್ತು ವರ್ಷದಿಂದ ಒಂದೇ ರೇಜರ್. ತಿರುಗಿಸಿದರೆ ಮೇಲೆ ಎರಡು ಬಾಗಿಲು ತೆರೆದುಕೊಳ್ಳುತ್ತವಲ್ಲ, ಆ ಥರದ್ದು. ಪೀಣ್ಯದ ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಸೇರಿದಾಗ ಮೊದಲ ಸಂಬಳದಲ್ಲಿ ತಗೊಂಡಿದ್ದು. ಅದನ್ನು ಬಿಡು ಅಂದರೆ ಬಿಡ್ತಾರಾ?

ನಾನು ಆಗ ಪಕ್ಕಾ ಮಷೀನ್ ಪಾರ್ಟಿ. ಆರು ವರ್ಷದಿಂದ ಎಲೆಕ್ಟ್ರಿಕ್ ಶೇವರ್ ಬಿಟ್ಟು ಬೇರೆ ಮುಟ್ಟಿರಲಿಲ್ಲ. ಬೆಳಿಗ್ಗೆ ಆಫೀಸ್ ಕ್ಯಾಬ್ ಬರೋಕೆ ಹತ್ತು ನಿಮಿಷ ಇದೆ ಅಂದಾಗ ಸೋಪು, ಬ್ರಷ್ಷು ಅಂತ ಯಾರು ಕೂರ್ತಾರೆ? ಅದೇ ಮಷೀನನ್ನು ಬಿಸಿನೀರಲ್ಲಿ ತೊಳೆದು, ತಲೆಯನ್ನು ಹೊಸದು ಹಾಕಿಸಿ ಅಪ್ಪನಿಗೆ ಕೊಟ್ಟೆ. ತಲೆ ಅಂದರೆ ಮೇಲಿನ ಜಾಲರಿ ಮತ್ತು ಅದರೊಳಗಿನ ಬ್ಲೇಡು. ಒಬ್ಬರು ಬಳಸಿದ್ದನ್ನು ಇನ್ನೊಬ್ಬರಿಗೆ ಹಾಗೇ ಕೊಡೋದು ಸರಿಯಲ್ಲ, ಮನೆಯವರೇ ಆದರೂ.

"ಇದೆಲ್ಲ ಈಗಿನ ಕಾಲದ ಆಟದ ಸಾಮಾನು ಕಣೋ" ಅಂದರು ಅಪ್ಪ. ನಾನು ಫೋನಲ್ಲಿ ಹುಡುಕಿ ತೋರಿಸಿದೆ. ಜೇಕಬ್ ಶಿಕ್ ಅನ್ನೋ ಅಮೆರಿಕದವನು 1930ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ದುಂಡನೆ ತಿರುಗೋ ತಲೆಯದನ್ನು ಫಿಲಿಪ್ಸ್ 1939ರಲ್ಲಿ ತಂದಿತು. ನೀವು ಹುಟ್ಟೋಕೆ ಮುಂಚಿನ ಸಾಮಾನು ಇದು ಅಂದೆ. ಅಪ್ಪ ತಮ್ಮ ರೇಜರ್ ಎತ್ತಿ, ಹಾಗಾದರೆ ಇದು ಯಾವಾಗಿಂದು ನೋಡು ಅಂದರು. ನೋಡಿದೆ. ಜಿಲೆಟ್ ಕಂಪನಿ ಎರಡು ಅಂಚಿನ ಬ್ಲೇಡ್ ಮಾರಲು ಶುರು ಮಾಡಿದ್ದು 1903ರಲ್ಲಿ. ಆ ವರ್ಷ ಪೂರ್ತಿ ಹೋಗಿದ್ದು 51 ರೇಜರ್, 168 ಬ್ಲೇಡ್ ಅಷ್ಟೇ. ಹಳೆಯದು ಯಾರದ್ದು ಅನ್ನೋ ಪಂದ್ಯದಲ್ಲಿ ನಾನು ಸೋತೆ.

ಮೊದಲ ವಾರ ಅಪ್ಪ ಮಷೀನಿನಲ್ಲಿ ಮಾಡಿದ್ದೆಲ್ಲ ರೇಜರಿನ ಕೆಲಸವೇ. ಸ್ನಾನ ಮಾಡಿ ಬಂದು ಒದ್ದೆ ಮುಖಕ್ಕೆ ಹಚ್ಚಿದರು. ದಪ್ಪಗೆ ನೊರೆ ಹಚ್ಚಿ ಅದರ ಮೇಲೆ ಓಡಿಸಿದರು. ಜಾಲರಿ ಕಟ್ಟಿಕೊಂಡಿತು. ಸರಿಯಾಗಿ ಬರಲಿಲ್ಲ ಅಂತ ಇನ್ನೂ ಜೋರಾಗಿ ಒತ್ತಿದರು. ಕೆನ್ನೆ ಕೆಂಡದ ಹಾಗೆ ಕೆಂಪಾಯಿತು. "ನಿನ್ನ ಮಷೀನ್ ಗಡ್ಡ ತೆಗೆಯಲ್ಲ, ಚರ್ಮ ಸುಡುತ್ತೆ" ಅಂದರು.

ತಪ್ಪು ಅವರದ್ದಲ್ಲ. ಇದು ಹೇಗೆ ಕೆಲಸ ಮಾಡುತ್ತೆ ಅಂತ ನಾನೇ ಹೇಳಿರಲಿಲ್ಲ. ಶ್ಯಾವಿಗೆ ಒರಳಿನ ತೂತಿನಿಂದ ಎಳೆ ಹೊರಗೆ ಬರುತ್ತಲ್ಲ, ಇದು ಅದರ ಉಲ್ಟಾ. ಜಾಲರಿಯ ತೂತಿನೊಳಗೆ ಕೂದಲಿನ ಎಳೆ ಹೋಗುತ್ತೆ. ಒಳಗೆ ಬ್ಲೇಡು ಆ ಕಡೆ ಈ ಕಡೆ ಓಡ್ತಾ ಇರುತ್ತೆ, ಸಿಕ್ಕಿದ್ದನ್ನು ಕತ್ತರಿಯ ಹಾಗೆ ಕತ್ತರಿಸುತ್ತೆ. ಚರ್ಮಕ್ಕೂ ಬ್ಲೇಡಿಗೂ ಮಧ್ಯೆ ಯಾವಾಗಲೂ ಆ ತೆಳು ಜಾಲರಿ ಇರುತ್ತೆ. ಗಾಯ ಆಗೋದು ಅಪರೂಪ ಯಾಕೆ ಅಂದರೆ ಇದಕ್ಕೇ. ರೇಜರಿನಷ್ಟು ನುಣ್ಣಗೆ ಬರೋದಿಲ್ಲ ಯಾಕೆ ಅಂದರೂ ಇದಕ್ಕೇ. ಜಾಲರಿ ಎಷ್ಟು ದಪ್ಪವೋ ಹೆಚ್ಚುಕಡಿಮೆ ಅಷ್ಟು ಕೂದಲು ಉಳಿದೇ ಉಳಿಯುತ್ತೆ. ಜೋರಾಗಿ ಒತ್ತಿದರೆ ಚರ್ಮ ಉಬ್ಬಿ ತೂತಿನೊಳಗೆ ಹೋಗಿ ಉರಿ ಬರುತ್ತೆ ಅಷ್ಟೇ.

ಕೂದಲು ತೂತಿನೊಳಗೆ ಹೋಗಬೇಕು ಅಂದರೆ ನೆಟ್ಟಗೆ ನಿಂತಿರಬೇಕು. ನೆನೆದ ಕೂದಲು ಮೆತ್ತಗಾಗಿ ಮಲಗುತ್ತೆ. ಅದಕ್ಕೇ ಸ್ನಾನಕ್ಕೆ ಮುಂಚೆ, ಒಣ ಮುಖಕ್ಕೆ. ಬೆವರಿದ್ದರೆ ಚೂರು ಪೌಡರ್ ಹಚ್ಚಿಕೊಂಡರೆ ಸರಾಗ. ವಯಸ್ಸಾದವರ ಕೆನ್ನೆ ಸಡಿಲ, ಅಲ್ವಾ. ಅಪ್ಪನಿಗೆ ಬಾಯಲ್ಲಿ ಗಾಳಿ ತುಂಬಿಕೊಂಡು ಕೆನ್ನೆ ಉಬ್ಬಿಸೋಕೆ ಹೇಳಿದೆ. ಕತ್ತಿಗೆ ಬಂದಾಗ ಎಡಗೈಯಲ್ಲಿ ಚರ್ಮ ಎಳೆದು ಹಿಡಿಯಬೇಕು. ನನ್ನದು ಉದ್ದ ಜಾಲರಿಯದು, ಅದನ್ನು ನೇರ ಓಡಿಸಬೇಕು. ದುಂಡು ತಲೆಯದಾದರೆ ಸಣ್ಣ ಸಣ್ಣ ಸುತ್ತು ಹಾಕಬೇಕು. ಬೇಕಾದವರು ನೊರೆಯ ಜೊತೆಗೂ ಬಳಸಬಹುದಾದ ಮಷೀನುಗಳಿವೆ, ಆದರೆ ಅಪ್ಪನ ಥರ ಬೆಣ್ಣೆ ಮೆತ್ತಿದ ಹಾಗೆ ಹಚ್ಚಿದರೆ ಯಾವುದೂ ಓಡಲ್ಲ.

ಇನ್ನೊಂದು ಮುಖ್ಯ ವಿಷಯ. ನಾಲ್ಕು ದಿನ ಬಿಟ್ಟು ಮಾಡಿದರೆ ಶೇವರ್ ಕೈ ಕೊಡುತ್ತೆ. ಕೂದಲು ಉದ್ದ ಆದಷ್ಟೂ ತೂತಿಗೆ ಸಿಗಲ್ಲ, ಜಾಲರಿ ಅದರ ಮೇಲೆ ಜಾರಿಕೊಂಡು ಹೋಗುತ್ತೆ. ಮೊದಲು ಟ್ರಿಮ್ಮರ್ ಓಡಿಸಿ ಗಿಡ್ಡ ಮಾಡಿ, ಆಮೇಲೆ ಶೇವರ್. ಟ್ರಿಮ್ಮರನ್ನೇ ಶೇವರ್ ಅಂದುಕೊಂಡು ತಂದು, ಗಡ್ಡ ಪೂರ್ತಿ ಹೋಗಲ್ಲ ಅಂತ ಬೈಯೋರನ್ನೂ ನೋಡಿದೀನಿ. ಅದು ಬೇರೆ, ಇದು ಬೇರೆ.

ಮೂರನೇ ವಾರದ ಹೊತ್ತಿಗೆ ಅಪ್ಪನ ಕೆನ್ನೆಯ ಕೆಂಪು ಹೋಯಿತು. ಹೊಗಳಲಿಲ್ಲ. ಬೈಯೋದು ನಿಲ್ಲಿಸಿದರು, ನನಗೆ ಅಷ್ಟು ಸಾಕಾಗಿತ್ತು. ತೊಂದರೆ ಬಂದಿದ್ದು ಅಮ್ಮನ ಕಡೆಯಿಂದ. ನೀರು ಬೇಡ, ಕನ್ನಡಿಯೂ ಬೇಡ ಅನ್ನೋದು ಗೊತ್ತಾದ ಮೇಲೆ ಅಪ್ಪ ನಡುಮನೆಯಲ್ಲಿ ಟಿವಿ ಮುಂದೆ ಕೂತು ಗಡ್ಡ ಮಾಡಿಕೊಳ್ಳಲು ಶುರು ಮಾಡಿದರು. "ದೇವರ ಮನೆ ಎದುರಿಗೆ ಕೂತು ಗಡ್ಡ ಕೆರ್ಕೊಳ್ತಾರಾ? ಎದ್ದು ಹಿತ್ತಲಿಗೆ ಹೋಗಿ" ಅಂತ ಅಮ್ಮ. ಕೂದಲೆಲ್ಲ ಮಷೀನಿನ ಒಳಗೇ ಇದೆ ಅಂತ ಅಪ್ಪ ತಲೆ ಬಿಚ್ಚಿ ತೋರಿಸಲು ಹೋದರು. ಬೂದಿಯಂಥ ಪುಡಿ ಫ್ಯಾನ್ ಗಾಳಿಗೆ ಸೋಫಾ ತುಂಬ ಹರಡಿತು. ಆವತ್ತಿಂದ ಜಾಗ ಹಿತ್ತಲ ಕಟ್ಟೆ.

ಈ ಕಡೆ ನನ್ನ ಕೈಗೆ ಬಂದಿದ್ದು ಅಪ್ಪನ ರೇಜರ್, ಜೊತೆಗೆ ಅರ್ಧ ಡಬ್ಬಿ ಬ್ಲೇಡು. ಸುಮ್ನೆ ಒಂದು ತಿಂಗಳು ನೋಡೋಣ ಅಂತ ಹೊಸ ಶೇವರ್ ತಗೊಳ್ಳೋದನ್ನು ಮುಂದಕ್ಕೆ ಹಾಕಿದೆ. ನಿಜ ಹೇಳಬೇಕು ಅಂದರೆ ನನಗೂ ಮಷೀನಿನ ಮೇಲೆ ಒಂದು ಸಿಟ್ಟು ಇತ್ತು. ಕೆನ್ನೆಯಲ್ಲಿ ಚೆನ್ನಾಗಿ ಓಡುತ್ತಿತ್ತು, ಕತ್ತಿನಲ್ಲಿ ಮಾತ್ರ ಎಷ್ಟು ಉಜ್ಜಿದರೂ ನಾಲ್ಕೈದು ಕೂದಲು ನಿಂತೇ ಇರುತ್ತಿದ್ದವು. ಅದಕ್ಕೂ ಮುಂಚೆ ಕಾಲೇಜಿನಲ್ಲಿ ಮೂರು ಬ್ಲೇಡಿನ ಕಾರ್ಟ್ರಿಡ್ಜ್ ಬಳಸಿದ್ದೆ. ನನ್ನದು ಗುಂಗುರು ಕೂದಲು. ಮೂರೂ ಬ್ಲೇಡು ಒಂದರ ಹಿಂದೆ ಒಂದು ಎಳೆದು ಕತ್ತರಿಸಿದಾಗ ಕೂದಲು ಚರ್ಮಕ್ಕಿಂತ ಒಳಗೆ ಹೋಗುತ್ತೆ, ಮತ್ತೆ ಬೆಳೆಯುವಾಗ ಬಾಗಿ ಒಳಗೇ ನುಗ್ಗುತ್ತೆ. ಕತ್ತು ತುಂಬ ಗುಳ್ಳೆ.

ಮೊದಲ ದಿನ ರೇಜರ್ ಹಿಡಿದು ಮೂರು ಕಡೆ ಕೊಯ್ದುಕೊಂಡೆ. ಅಪ್ಪನಿಗೆ ಫೋನ್ ಮಾಡಿದರೆ ನಗು. "ಕೆರೀಬೇಡ, ಇಳಿಸು" ಅಂದರು. ಒಂದೇ ಮಾತು. ಅರ್ಥ ಆಗೋಕೆ ಹತ್ತು ದಿನ ಬೇಕಾಯಿತು. ಹಿತ್ತಾಳೆಯ ರೇಜರಿಗೆ ಅದರದೇ ಭಾರ ಇದೆ. ಆ ಭಾರಕ್ಕೆ ಅದು ಇಳಿಯಬೇಕು, ಕೈ ಸುಮ್ನೆ ದಾರಿ ತೋರಿಸಬೇಕು. ನಾನು ಮಾಡಿದ್ದು ಹೀಗೆ. ಹಿಡಿ ಕೆನ್ನೆಯಿಂದ ನೇರ ಹೊರಕ್ಕೆ ಚಾಚಿರೋ ಹಾಗೆ ಹಿಡಿದು ರೇಜರಿನ ತಲೆಯ ಮುಚ್ಚಳ ಮಾತ್ರ ಕೆನ್ನೆಗೆ ಮುಟ್ಟಿಸಿದೆ. ಆಗ ಏನೂ ಕೊಯ್ಯಲ್ಲ. ಹಿಡಿಯನ್ನು ನಿಧಾನ ಕೆಳಗಿಳಿಸುತ್ತಾ ಎಳೆದೆ. ಒಂದು ಹಂತದಲ್ಲಿ ಪರ್ ಪರ್ ಅಂತ ಸದ್ದು ಶುರು ಆಯಿತು. ಆ ಕೋನವೇ ಸರಿ. ಲೆಕ್ಕದಲ್ಲಿ ಸುಮಾರು 30 ಡಿಗ್ರಿ ಅಂತಾರೆ. ನಾನು ಸದ್ದನ್ನೇ ನಂಬ್ತೀನಿ. ಸದ್ದು ನಿಂತರೆ ಕೋನ ತಪ್ಪಿದೆ ಅಂತ.

ಕತ್ತಿಗೆ ಒಂದು ಉಪಾಯ ಮಾಡಿದೆ. ಮೂರು ದಿನ ಗಡ್ಡ ಬಿಟ್ಟು, ಬೆರಳಲ್ಲಿ ಎಲ್ಲ ಕಡೆ ಸವರಿ ನೋಡಿದೆ. ಯಾವ ಕಡೆ ಸವರಿದರೆ ನಯ, ಯಾವ ಕಡೆ ಮುಳ್ಳು ಅಂತ. ಕೆನ್ನೆಯಲ್ಲಿ ಕೂದಲು ಕೆಳಮುಖ. ಕತ್ತಿನ ಬಲಗಡೆ ಮೇಲ್ಮುಖ. ಎಡಗಡೆ, ದವಡೆಯ ಕೆಳಗೆ, ಅಡ್ಡಡ್ಡ ಕಿವಿಯ ಕಡೆಗೆ! ಆರು ವರ್ಷ ಮಷೀನಿಗೆ ಸಿಗದೆ ಆಟ ಆಡಿಸಿದ್ದು ಇವೇ. ಈಗ ಮೊದಲ ಸುತ್ತು ಕೂದಲು ಬೆಳೆದ ದಿಕ್ಕಿಗೇ. ಮತ್ತೆ ನೊರೆ ಹಚ್ಚಿ, ಎರಡನೇ ಸುತ್ತು ಅಡ್ಡಕ್ಕೆ. ಪೂರ್ತಿ ಎದುರು ದಿಕ್ಕಿಗೆ ಹೋಗಲ್ಲ, ಗುಳ್ಳೆಯ ನೆನಪು ಇನ್ನೂ ಇದೆ.

ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿಗೆ ಬರೋದು ಬೋರ್‌ವೆಲ್ ನೀರು. ಗಡಸು ಅಂದರೆ ಗಡಸು. ಬ್ರಷ್ ತಿರುಗಿಸಿ ತಿರುಗಿಸಿ ಕೈ ನೋವು ಬಂದರೂ ನೊರೆ ಏಳಲ್ಲ, ಎದ್ದರೂ ಅರ್ಧ ನಿಮಿಷಕ್ಕೆ ಒಣಗುತ್ತೆ. ಕೊನೆಗೆ ಫಿಲ್ಟರಿನ ನೀರು ಅರ್ಧ ಲೋಟ ಬಿಸಿ ಮಾಡಿ ಬ್ರಷ್ ನೆನೆಸಲು ಶುರು ಮಾಡಿದೆ. ಅದೇ ಕ್ರೀಮು, ಮೊಸರು ಕಡೆದ ಹಾಗೆ ನೊರೆ. ಹಚ್ಚಿ ಎರಡು ಮೂರು ನಿಮಿಷ ಬಿಡಬೇಕು. ಕೂದಲು ನೀರು ಕುಡಿದು ಮೆತ್ತಗಾದರೆ ಬ್ಲೇಡಿಗೆ ಅರ್ಧ ಕೆಲಸ ಕಮ್ಮಿ. ಶೇವರಿಗೆ ಯಾವುದು ವಿಷವೋ ರೇಜರಿಗೆ ಅದೇ ಅಮೃತ.

ದುಡ್ಡಿನ ಲೆಕ್ಕ ಹೇಳಲೇಬೇಕು. ನಮ್ಮ ಬೀದಿ ಅಂಗಡಿಯಲ್ಲಿ ಒಂದು ಬ್ಲೇಡು ನಾಲ್ಕೈದು ರೂಪಾಯಿ. ನನಗೆ ಐದು ಸಲ ಬರುತ್ತೆ. ಎಳೆಯೋಕೆ ಶುರು ಮಾಡಿತು ಅಂದರೆ ಜುಗ್ಗತನ ಮಾಡಬಾರದು, ಬದಲಾಯಿಸಬೇಕು. ದಿನ ಬಿಟ್ಟು ದಿನ ಮಾಡಿದರೂ ವರ್ಷಕ್ಕೆ ಇನ್ನೂರು ರೂಪಾಯಿ ದಾಟಲ್ಲ. ಅಪ್ಪನ ಕೈಯಲ್ಲಿರೋ ಮಷೀನಿಗೆ ಆಗ 3,500 ಕೊಟ್ಟಿದ್ದೆ. ಅದರ ತಲೆಯನ್ನು ಒಂದೂವರೆ ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು, ಅದಕ್ಕೇ ಸಾವಿರದ ಮೇಲೆ ಹೋಗುತ್ತೆ. ಆದರೆ ಬ್ಲೇಡು ವಿಮಾನದ ಕೈಚೀಲದಲ್ಲಿ ಬರಲ್ಲ. ಐದು ಬ್ಲೇಡಿನ ಹೊಸ ಪ್ಯಾಕೆಟ್ಟನ್ನು ನಾನು ಸೆಕ್ಯುರಿಟಿ ಚೆಕ್ಕಿನ ಡಬ್ಬಕ್ಕೆ ಹಾಕಿ ಬಂದಿದೀನಿ. ಶೇವರಿಗೆ ಆ ತಕರಾರಿಲ್ಲ. ಅದಕ್ಕೆ ಬೇರೆ ತಕರಾರು. ಒಂದು ಮದುವೆಗೆ ಹೊರಡೋ ಬೆಳಿಗ್ಗೆ ಅಪ್ಪನ ಬಲಗೆನ್ನೆ ಮುಗಿದು ಎಡಗೆನ್ನೆಗೆ ಬಂದಾಗ ಚಾರ್ಜ್ ಖಾಲಿ, ಕರೆಂಟೂ ಇಲ್ಲ. ಎಡಗೆನ್ನೆಗೆ ಟವೆಲ್ ಮುಚ್ಚಿಕೊಂಡು ಕಟಿಂಗ್ ಶಾಪಿಗೆ ಹೋಗಿ ಬಂದರು.

ಹಳೇ ಬ್ಲೇಡಿನ ಬಗ್ಗೆ ಒಂದು ಮಾತು. ನಮ್ಮ ಚಿಕ್ಕಂದಿನಲ್ಲಿ ಅದು ಕಸಕ್ಕೆ ಹೋಗುತ್ತಲೇ ಇರಲಿಲ್ಲ. ಅರ್ಧ ಮುರಿದರೆ ಪೆನ್ಸಿಲ್ ಕೆತ್ತೋಕೆ, ಇನ್ನರ್ಧ ಅಮ್ಮನಿಗೆ ಹೊಲಿಗೆ ಬಿಚ್ಚೋಕೆ. ಈಗ ಹಾಗೇ ಕಸದ ಚೀಲಕ್ಕೆ ಹಾಕಿದರೆ ಅದನ್ನು ಬೇರೆ ಮಾಡುವ ಪೌರಕಾರ್ಮಿಕರ ಕೈ ಕೊಯ್ಯುತ್ತೆ. ಹಾಲಿನ ಪುಡಿಯ ತಗಡಿನ ಡಬ್ಬಿಯ ಮುಚ್ಚಳಕ್ಕೆ ಸೀಳು ಮಾಡಿ ಹುಂಡಿ ಮಾಡಿಟ್ಟಿದೀನಿ. ಎರಡು ವರ್ಷ ಆಯಿತು, ಇನ್ನೂ ಕಾಲು ಭಾಗ ತುಂಬಿಲ್ಲ.

ಹೊಸ ಶೇವರ್ ನಾನು ಕೊನೆಗೂ ತಗೊಳ್ಳಲಿಲ್ಲ. ಕ್ಯಾಬ್ ಬರೋ ದಿನ ಗಡ್ಡ ಹಾಗೇ ಇರುತ್ತೆ, ಇರಲಿ ಬಿಡಿ. ನಾನು ಬ್ಲೇಡೇ ಮೇಲು ಅಂತ ಹೇಳ್ತಿಲ್ಲ. ಸಕ್ಕರೆ ಕಾಯಿಲೆ ಇರೋರು, ಕೈ ನಡುಗೋರು, ಅಪ್ಪನ ಥರ ಮಾತ್ರೆ ತಗೊಳ್ಳೋರು ಮಷೀನನ್ನೇ ಹಿಡಿಯಲಿ.

ಮೊನ್ನೆ ಊರಿಗೆ ಹೋಗಿದ್ದೆ. ಮಂಗಳವಾರ ಬೆಳಿಗ್ಗೆ ಹಿತ್ತಲ ಕಟ್ಟೆಯಿಂದ ಗುಂಯ್ ಅಂತ ಸದ್ದು. ನಮ್ಮ ಮನೆಯಲ್ಲಿ ಮಂಗಳವಾರ ಗಡ್ಡಕ್ಕೆ ಕೈ ಹಚ್ಚೋ ಪದ್ಧತಿ ಇಲ್ಲ. ಕಟಿಂಗ್ ಶಾಪುಗಳೇ ಬಾಗಿಲು ಹಾಕಿರುತ್ತವೆ. ಅಮ್ಮ ಒಗ್ಗರಣೆ ಸೌಟು ಹಿಡಿದುಕೊಂಡೇ ಹಿತ್ತಲಿಗೆ ಬಂದರು.

"ಬ್ಲೇಡು ಮುಖಕ್ಕೆ ತಾಗಿದ್ರೆ ತಾನೇ ದೋಷ? ಇದ್ರಲ್ಲಿ ಮಧ್ಯೆ ಜಾಲರಿ ಇದೆ. ಬೇಕಾದ್ರೆ ನಿನ್ನ ಮಗನ್ನ ಕೇಳು" ಅಂದರು ಅಪ್ಪ, ಕೆನ್ನೆ ಉಬ್ಬಿಸಿಕೊಂಡು.

ಇಬ್ಬರೂ ನನ್ನ ಕಡೆ ನೋಡಿದರು. ನಾನು ಕಾಫಿ ಲೋಟ ತಗೊಂಡು ಒಳಗೆ ಹೋದೆ.