ಸಬ್‌ವೂಫರ್‌ಗೆ ವಯರ್ ಕೊಡುವ ಮೊದಲು ಓಮ್ ನೋಡಿ

ನಮ್ಮ ಕಾಸರಗೋಡು ಕಡೆ ಕಾರಿಗೆ ಸಬ್ (ಬೇಸ್ ಸದ್ದಿನ ದೊಡ್ಡ ಸ್ಪೀಕರ್, ಸಬ್‌ವೂಫರ್) ಹಾಕಿಸುವವರು ಮೊದಲು ಕೇಳುವುದು ವ್ಯಾಟ್ ಎಷ್ಟು ಅಂತ. ಓಮ್ ಎಷ್ಟು ಅಂತ, ಅಂದರೆ ಸ್ಪೀಕರ್ ಕರೆಂಟಿಗೆ ಎಷ್ಟು ತಡೆ ಒಡ್ಡುತ್ತದೆ ಅಂತ, ಕೇಳಿ ಮಾರಾಯ್ರೇ. ಆ ಲೆಕ್ಕ ತಪ್ಪಿದರೆ ಎಷ್ಟು ಒಳ್ಳೆಯ ಆಂಪ್ (ಆಂಪ್ಲಿಫೈಯರ್) ಆದರೂ ಬಿಸಿಯಾಗಿ ಪ್ರೊಟೆಕ್ಷನ್‌ಗೆ ಹೋಗುತ್ತದೆ, ಅಂದರೆ ತಾನಾಗಿ ಬಂದ್ ಆಗುತ್ತದೆ, ಇಲ್ಲವೇ ಸುಟ್ಟೇ ಹೋಗುತ್ತದೆ.

ಕನಿಷ್ಠ ಎಷ್ಟು ಓಮ್ ತಡೆಯುತ್ತದೆ ಅಂತ ಆಂಪ್‌ನ ಜೊತೆ ಬರುವ ಪುಸ್ತಕದಲ್ಲಿರುತ್ತದೆ. ಬ್ರಿಡ್ಜ್ ಮಾಡುವುದಾದರೆ (ಎರಡು ಚಾನೆಲ್ ಸೇರಿಸಿ ಒಂದಾಗಿ ಬಳಸುವುದಾದರೆ) ಅದಕ್ಕೆ ಬೇರೆ ಅಂಕಿ ಇರುತ್ತದೆ, ಹೆಚ್ಚಿನ 2 ಚಾನೆಲ್ ಆಂಪ್‌ಗಳಲ್ಲಿ ಅದು 4 ಓಮ್.

4 ಓಮ್‌ನ ಎರಡು ಸಬ್ ಇವೆ ಅಂದುಕೊಳ್ಳಿ. ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರಿಸಿದರೆ ಪ್ಯಾರಲಲ್, ಆಗ 2 ಓಮ್. ಒಂದರ ಮೈನಸ್ಸನ್ನು ಇನ್ನೊಂದರ ಪ್ಲಸ್‌ಗೆ ಕೊಟ್ಟರೆ ಸೀರೀಸ್, 8 ಓಮ್. ಡ್ಯುಯಲ್ ಕಾಯಿಲ್ (ಒಂದರೊಳಗೇ ಎರಡು ಕಾಯಿಲ್ ಇರುವ) ಸಬ್‌ನಲ್ಲಿ ನಾಲ್ಕು ಟರ್ಮಿನಲ್ ಇರುವುದರಿಂದ ಜನ ಗೊಂದಲ ಮಾಡಿಕೊಳ್ಳುತ್ತಾರೆ: 4 ಓಮ್ ಕಾಯಿಲ್‌ನ ಅಂಥ ಎರಡು ಸಬ್ ಇದ್ದು ನಾಲ್ಕೂ ಕಾಯಿಲ್ ಪ್ಯಾರಲಲ್ ಮಾಡಿದರೆ 1 ಓಮ್‌ಗೆ ಇಳಿಯುತ್ತದೆ, ಅದೇ ಒಂದೊಂದು ಸಬ್‌ನ ಒಳಗೆ ಸೀರೀಸ್ ಮಾಡಿ ಆಮೇಲೆ ಎರಡು ಸಬ್‌ಗಳನ್ನು ಪ್ಯಾರಲಲ್ ಮಾಡಿದರೆ 4 ಓಮ್ ಸಿಗುತ್ತದೆ.

ಆಂಪ್‌ಗೆ ಸಿಕ್ಕಿಸುವ ಮೊದಲು ವಯರ್‌ನ ತುದಿಗೆ ಮಲ್ಟಿಮೀಟರ್ ಹಿಡಿಯಿರಿ. 4 ಓಮ್ ಇರಬೇಕಾದಲ್ಲಿ 3.5ರ ಆಸುಪಾಸು ತೋರಿಸಿದರೆ ಸರಿಯೇ ಇದೆ, ಮೀಟರ್ ಸ್ವಲ್ಪ ಕಮ್ಮಿಯೇ ತೋರಿಸುವುದು. 1.7 ಬಂತು ಅಂದ್ರೆ ನಿಲ್ಲಿಸಿ, ಎಲ್ಲೋ ಪ್ಯಾರಲಲ್ ಆಗಿದೆ.

ಪವರ್ ವಯರ್‌ನ ಫ್ಯೂಸ್ ಬ್ಯಾಟರಿಯಿಂದ 45 ಸೆಂ.ಮೀ. ಒಳಗೇ ಇರಲಿ. ಬಾನೆಟ್‌ನಿಂದ ಒಳಗೆ ಬರುವಲ್ಲಿ ವಯರ್ ತಗಡಿಗೆ ಉಜ್ಜಿ ಶಾರ್ಟ್ ಆದರೆ ಬೆಂಕಿ ಹತ್ತದಂತೆ ಕಾಯುವುದು ಅದೊಂದೇ. ತೂತಿಗೆ ರಬ್ಬರ್ ಬುಶ್ ಹಾಕಲೇಬೇಕು. ಆರ್‌ಸಿಎ ಕೇಬಲನ್ನು (ಸ್ಟೀರಿಯೋದಿಂದ ಆಂಪ್‌ಗೆ ಹಾಡಿನ ಸಿಗ್ನಲ್ ತರುವ ವಯರ್) ಕಾರಿನ ಇನ್ನೊಂದು ಬದಿಯಿಂದ ತನ್ನಿ, ಇಲ್ಲದಿದ್ದರೆ ಎಂಜಿನ್ ಸದ್ದು ಹಾಡಿನೊಳಗೆ ಬರುತ್ತದೆ.

ಇನ್ನು ಅರ್ತ್, ಅಂದರೆ ಆಂಪ್‌ನ ಮೈನಸ್ ವಯರನ್ನು ಕಾರಿನ ಬಾಡಿಗೆ ಕೊಡುವುದು. ಉಪ್ಪಳ, ಕುಂಬಳೆ ಕಡೆಯ ಉಪ್ಪುಗಾಳಿಗೆ, ಮೇಲಿಂದ ನಮ್ಮ ಮಳೆಗಾಲಕ್ಕೆ, ಮೊದಲು ಕೈಕೊಡುವ ಜಾಗ ಇದೇ. ಸೀಟ್‌ಬೆಲ್ಟ್ ಬೋಲ್ಟ್‌ಗೆ ಸಿಕ್ಕಿಸಬೇಡಿ. ಡಿಕ್ಕಿಯಲ್ಲಿ ದಪ್ಪ ತಗಡು ಹುಡುಕಿ, ಸ್ಯಾಂಡ್‌ಪೇಪರ್‌ನಲ್ಲಿ ಪೇಂಟ್ ಕೆರೆದು ಬಿಳಿ ಲೋಹ ಹೊಳೆಯುವವರೆಗೆ ಉಜ್ಜಿ, ರಿಂಗ್ ಟರ್ಮಿನಲ್ ಬಿಗಿದು, ಮೇಲಿಂದ ಗ್ರೀಸ್ ಬಳಿಯಿರಿ. ವಯರ್ ಪವರ್ ವಯರ್‌ನಷ್ಟೇ ದಪ್ಪ ಇರಲಿ, ಆದಷ್ಟು ಗಿಡ್ಡ ಇರಲಿ.

ಬ್ಯಾಟರಿ ಮೈನಸ್ಸನ್ನು ಎಲ್ಲ ಮುಗಿದ ಮೇಲೆ ಜೋಡಿಸಿ. ಗೇನ್ (ಒಳಬರುವ ಸಿಗ್ನಲ್‌ಗೆ ಆಂಪನ್ನು ಹೊಂದಿಸುವ ತಿರುಗುಗುಂಡಿ) ಪೂರ್ತಿ ಇಳಿಸಿ ಶುರು ಮಾಡಿ, ಅರ್ಧ ಗಂಟೆ ಹಾಡು ಹಾಕಿ ಫ್ಯೂಸ್ ಹೋಲ್ಡರ್ ಮುಟ್ಟಿ ನೋಡಿ. ಬಿಸಿ ಇದ್ದರೆ ಸ್ಕ್ರೂ ಲೂಸ್ ಇದೆ, ಇಲ್ಲವೇ ವಯರ್ ಸಣ್ಣದಾಯಿತು.