ಬ್ಯಾಡಗಿ ಅಡತಿ ಲೆಕ್ಕ ಓಆರ್‌ಎಂ ಮೇಲೆ ನಿಂತದ್ದು ಹೀಗೆ: ನನ್ನ ಅನುಭವ

"ಓಆರ್‌ಎಂ ಇಟ್ಕೊಂಡು ಮೆಣಸಿನಕಾಯಿ ಸೀಜನ್ ತಡ್ಕೊಳ್ಳೂದು ಆಗೂದಿಲ್ಲ, ಎಸ್‌ಕ್ಯೂಎಲ್ ಕೈಯಿಂದ ಬರೀರಿ" ಎಂದು ಹುಬ್ಬಳ್ಳಿಯ ಗೆಳೆಯರು ಖಡಾಖಂಡಿತವಾಗಿ ಹೇಳಿದ್ದರು. ಓಆರ್‌ಎಂ ಎಂದರೆ ಡೇಟಾಬೇಸಿನ ಟೇಬಲ್‌ಗಳನ್ನು ಪ್ರೋಗ್ರಾಮಿನ ಕೋಡಿನಿಂದಲೇ ಬಳಸಲು ಕೊಡುವ ಪದರ, ಎಸ್‌ಕ್ಯೂಎಲ್ ಎಂದರೆ ಡೇಟಾಬೇಸಿಗೆ ನೇರವಾಗಿ ಕೇಳುವ ಭಾಷೆ. ಈಗ ಎರಡು ಸೀಜನ್ ಮುಗಿದಿವೆ. ಬ್ಯಾಡಗಿಯ ಅಡತಿ ಅಂಗಡಿಯ ಲೆಕ್ಕವೆಲ್ಲ ಜ್ಯಾಂಗೋ (ಪೈಥಾನ್‌ನ ವೆಬ್ ಚೌಕಟ್ಟು) ಓಆರ್‌ಎಂ ಮತ್ತು ಪೋಸ್ಟ್‌ಗ್ರೆಸ್ ಡೇಟಾಬೇಸ್ ಮೇಲೆ, 2 ಜಿಬಿ ಸರ್ವರಿನಲ್ಲೇ ನಡೆದಿದೆ. ಬಾಡಿಗೆ ತಿಂಗಳಿಗೆ 900 ರೂಪಾಯಿ ಆಸುಪಾಸು. 8 ಜಿಬಿಗೆ ಹೋಗಿ ಎಂದವರ ಮಾತು ಕೇಳಿದ್ದರೆ ನಾಲ್ಕು ಸಾವಿರದ ಹತ್ತಿರ ಹೋಗುತ್ತಿತ್ತು.

ಮೊದಲು ಕೈಕೊಟ್ಟದ್ದು ದಿನದ ಲಾಟ್ (ರೈತ ಮಾರಾಟಕ್ಕಿಟ್ಟ ಒಂದೊಂದು ರಾಶಿ) ಪಟ್ಟಿ. ಆವಕದ ದಿನ 400 ಲಾಟ್ ಇದ್ದರೆ ತೆರೆ ಬರಲು ಹದಿನಾಲ್ಕು ಸೆಕೆಂಡು. ಪ್ರತಿ ಸಾಲಿಗೆ ರೈತ, ರೈತನ ಊರು, ಖರೀದಿದಾರ, ಕಡಿತಗಳು ಎಂದು ಕನಿಷ್ಠ ನಾಲ್ಕು ಸಲ ಡೇಟಾಬೇಸಿಗೆ ಹೋಗಿಬರುತ್ತಿತ್ತು. ಒಟ್ಟು 1,600ಕ್ಕೂ ಮೇಲೆ ಕ್ವೆರಿ, ಅಂದರೆ ಡೇಟಾಬೇಸಿಗೆ ಕೇಳಿದ ಪ್ರಶ್ನೆ. ರೈತ, ಊರು, ಖರೀದಿದಾರ ಮೂರನ್ನೂ ಸೆಲೆಕ್ಟ್ ರಿಲೇಟೆಡ್‌ಗೆ (ಅದೇ ಕ್ವೆರಿಯಲ್ಲಿ ಜೋಡಿಸಿ ತರುವುದು) ಕೊಟ್ಟೆ, ಕಡಿತಗಳನ್ನು ಪ್ರಿಫೆಚ್ ರಿಲೇಟೆಡ್‌ಗೆ (ಇನ್ನೊಂದೇ ಕ್ವೆರಿಯಲ್ಲಿ ಎಲ್ಲ ಒಟ್ಟಿಗೆ ತರುವುದು). ಎರಡೇ ಕ್ವೆರಿ ಆಗಬೇಕಿತ್ತು, ಆದರೆ ಎಂಟುನೂರಕ್ಕೂ ಮೇಲೆ ಉಳಿದವು. ಕಾರಣ ಲಾಟ್ ಮಾಡೆಲ್‌ನ (ಲಾಟ್ ಟೇಬಲ್ಲಿನ ಕೋಡು ರೂಪ) ಎರಡು ಮೆಥಡ್: ಹಮಾಲಿ ಒಂದು, ಚೀಲದ ಖರ್ಚು ಇನ್ನೊಂದು. ಎರಡರಲ್ಲೂ ಕಡಿತಗಳ ಮೇಲೆ ಫಿಲ್ಟರ್ ಹಾಕಿದ್ದೆ. ಪ್ರಿಫೆಚ್ ಮಾಡಿ ತಂದದ್ದರ ಮೇಲೆ ಫಿಲ್ಟರ್ ಕರೆದರೆ ಜ್ಯಾಂಗೋ ತಂದಿಟ್ಟದ್ದನ್ನು ಬಿಟ್ಟು ಹೊಸ ಕ್ವೆರಿ ಕಳಿಸುತ್ತದೆ. ಆಲ್ ಎಂದು ತೆಗೆದುಕೊಂಡು ಪೈಥಾನ್ ಲೂಪಿನಲ್ಲೇ ಆರಿಸಿಕೊಳ್ಳಬೇಕು, ಇಲ್ಲವೇ ಪ್ರಿಫೆಚ್ ಆಬ್ಜೆಕ್ಟಿಗೆ ಫಿಲ್ಟರ್ ಕೊಟ್ಟು ಟು ಆಟ್ರ್‌ನಲ್ಲಿ ಬೇರೆ ಹೆಸರಿಗೆ ಇಳಿಸಿಕೊಳ್ಳಬೇಕು. ನಾನು ಲೂಪ್ ಮಾಡಿದೆ. ಲಾಟಿಗೆ ಕಡಿತ ನಾಲ್ಕೈದೇ ಇರುತ್ತವೆ. ಈಗ ಅದೇ ಪಟ್ಟಿ ಅರ್ಧ ಸೆಕೆಂಡಿನೊಳಗೆ ಬರುತ್ತದೆ.

ನಿಧಾನವನ್ನು ಜನ ಸಹಿಸುತ್ತಾರೆ, ರೊಕ್ಕ ತಪ್ಪಿದರೆ ಸಹಿಸುವುದಿಲ್ಲ. ರೈತರ ಬಾಕಿ ಪಟ್ಟಿಯಲ್ಲಿ ಒಂದೇ ಆನೊಟೇಟ್ (ಪ್ರತಿ ಸಾಲಿಗೂ ಲೆಕ್ಕ ಹಾಕಿದ ಅಂಕಿ ಸೇರಿಸುವುದು) ಒಳಗೆ ಲಾಟ್‌ಗಳ ಮೊತ್ತಕ್ಕೆ ಒಂದು ಸಮ್, ಪಾವತಿಗಳ ಮೊತ್ತಕ್ಕೆ ಇನ್ನೊಂದು ಸಮ್ ಬರೆದಿದ್ದೆ. ಒಬ್ಬ ರೈತನಿಗೆ 40,000ದ ಮೂರು ಲಾಟ್, ಅಂದರೆ 1,20,000. ಕೊಟ್ಟದ್ದು 30,000 ಮತ್ತು 20,000. ಬಾಕಿ 70,000 ಬರಬೇಕು. ತೆರೆಯ ಮೇಲೆ 90,000. ಎರಡು ಟೇಬಲ್ ಜಾಯಿನ್ ಆದಾಗ ಮೂರು ಗುಣಿಸು ಎರಡು, ಆರು ಸಾಲು ಹುಟ್ಟುತ್ತವೆ. ಲಾಟ್ ಮೊತ್ತ ಇಮ್ಮಡಿಯಾಗಿ 2,40,000, ಪಾವತಿ ಮುಮ್ಮಡಿಯಾಗಿ 1,50,000. ಒಂದೇ ಲಾಟ್, ಒಂದೇ ಪಾವತಿ ಇದ್ದವರ ಲೆಕ್ಕ ಸರಿಯಾಗಿಯೇ ಬರುವುದರಿಂದ ಪರೀಕ್ಷೆಯಲ್ಲಿ ಸಿಕ್ಕಿಬೀಳಲಿಲ್ಲ. ಡಿಸ್ಟಿಂಕ್ಟ್ ಹಾಕಿದರೆ ಸರಿಹೋಗುತ್ತದೆ ಎಂದು ಹಲವರು ಹೇಳುತ್ತಾರೆ. ಹಾಕಬೇಡಿ. ಮೂರೂ ಲಾಟಿನ ಮೊತ್ತ ಒಂದೇ ಇದ್ದರೆ ಅದು ಮೂರನ್ನೂ ಒಂದೇ ಎಂದುಕೊಂಡು 40,000 ಮಾತ್ರ ಎಣಿಸುತ್ತದೆ. ಸರಿಯಾದ ದಾರಿ ಸಬ್‌ಕ್ವೆರಿ (ಕ್ವೆರಿಯೊಳಗಿನ ಕ್ವೆರಿ): ಪಾವತಿಯನ್ನು ಔಟರ್‌ರೆಫ್‌ನಿಂದ (ಹೊರಗಿನ ಕ್ವೆರಿಯ ಸಾಲಿನ ಗುರುತು) ಆ ರೈತನಿಗೆ ಕಟ್ಟಿ, ವ್ಯಾಲ್ಯೂಸ್‌ನಲ್ಲಿ ರೈತನ ಮೇಲೆ ಗುಂಪು ಮಾಡಿ, ಆಮೇಲೆ ಸಮ್. ಲಾಟಿಗೂ ಹಾಗೆಯೇ. ಜ್ಯಾಂಗೋ 3.1ಕ್ಕಿಂತ ಹಳೆಯದಿದ್ದರೆ ಖಾಲಿ ಆರ್ಡರ್ ಬೈ ಸೇರಿಸಲೇಬೇಕು, ಮೆಟಾದ ಆರ್ಡರಿಂಗ್ (ಮಾಡೆಲ್‌ನಲ್ಲಿ ಬರೆದಿಟ್ಟ ವಿಂಗಡಣೆ ಕ್ರಮ) ಗುಂಪಿನೊಳಗೆ ನುಸುಳಿ ಲೆಕ್ಕ ಒಡೆಯುತ್ತದೆ. ಪಾವತಿಯೇ ಇಲ್ಲದ ರೈತನಿಗೆ ನಲ್ (ಮೌಲ್ಯವೇ ಇಲ್ಲ ಎಂಬ ಗುರುತು) ಬಂದು ಬಾಕಿಯೂ ಖಾಲಿ ಕಾಣುತ್ತದೆ, ಆದ್ದರಿಂದ ಹೊರಗೆ ಕೋಅಲೆಸ್ ಹಾಕಿ ಸೊನ್ನೆ ಕೊಡಬೇಕು.

ತೂಕ, ದರಕ್ಕೆ ಫ್ಲೋಟ್ (ದಶಾಂಶವನ್ನು ಅಂದಾಜಾಗಿ ಇಡುವ ಸಂಖ್ಯೆ) ಬೇಡವೇ ಬೇಡ, ಡೆಸಿಮಲ್ (ನಿಖರವಾಗಿ ಇಡುವುದು) ಇರಲಿ. ತೂಕ ಕಿಲೋದಲ್ಲಿ, ದರ ಕ್ವಿಂಟಾಲಿಗೆ. ಗುಣಿಸಿ ನೂರರಿಂದ ಭಾಗಿಸಿದ ಮೇಲೆ ಒಂದೇ ಸಲ ರೌಂಡ್ ಮಾಡಿ. ಪೈಥಾನ್‌ನ ರೌಂಡ್ ಸರಿ ಅರ್ಧವನ್ನು ಸಮಸಂಖ್ಯೆಯ ಕಡೆಗೆ ಒಯ್ಯುತ್ತದೆ, 2.5 ಇದ್ದರೆ 2 ಆಗುತ್ತದೆ. ಅಂಗಡಿಯ ಗುಮಾಸ್ತರು ಅದನ್ನು ಒಪ್ಪುವುದಿಲ್ಲ. ಕ್ವಾಂಟೈಸ್‌ಗೆ ರೌಂಡ್ ಹಾಫ್ ಅಪ್ (ಅರ್ಧವಿದ್ದರೆ ಮೇಲಕ್ಕೆ) ಕೊಟ್ಟೇ ಮಾಡಿ.

ಎರಡು ಕೌಂಟರಿನಲ್ಲಿ ಒಂದೇ ರೈತನ ಹೆಸರಿಗೆ ಒಮ್ಮೆಲೇ ರೊಕ್ಕ ಕೊಟ್ಟದ್ದೂ ಆಗಿದೆ. ಟ್ರಾನ್ಸಾಕ್ಷನ್ ಅಟಾಮಿಕ್ (ಎಲ್ಲ ಆಗಬೇಕು, ಇಲ್ಲವೇ ಏನೂ ಆಗಬಾರದು) ಒಳಗೆ ಸೆಲೆಕ್ಟ್ ಫಾರ್ ಅಪ್‌ಡೇಟ್ ಹಾಕಿ ರೈತನ ಸಾಲನ್ನು ಹಿಡಿದು, ಬಾಕಿ ನೋಡಿ, ಆಮೇಲೆ ಪಾವತಿ ಬರೆಯಬೇಕು. ಇದನ್ನು ಲ್ಯಾಪ್‌ಟಾಪಿನ ಎಸ್‌ಕ್ಯೂಲೈಟ್ (ಒಂದೇ ಫೈಲಿನ ಡೇಟಾಬೇಸ್) ಮೇಲೆ ಪರೀಕ್ಷಿಸಿ ಸಮಾಧಾನ ಪಟ್ಟುಕೊಳ್ಳಬೇಡಿ, ಅಲ್ಲಿ ಆ ಲಾಕ್‌ಗೆ ಅರ್ಥವೇ ಇಲ್ಲ. ಹಲವು ರೈತರ ಸಾಲು ಹಿಡಿಯುವಾಗ ಪಿಕೆ (ಪ್ರತಿ ಸಾಲಿನ ಗುರುತು ಸಂಖ್ಯೆ) ಕ್ರಮದಲ್ಲೇ ಹಿಡಿಯಿರಿ, ಇಲ್ಲದಿದ್ದರೆ ಡೆಡ್‌ಲಾಕ್ ಆಗಬಹುದು, ಒಬ್ಬರಿಗಾಗಿ ಇನ್ನೊಬ್ಬರು ಕಾದು ನಿಂತುಬಿಡುತ್ತಾರೆ.

ಹಳೆಯ ಎಕ್ಸೆಲ್‌ನಿಂದ ತೊಂಬತ್ತು ಸಾವಿರದಷ್ಟು ಸಾಲು ತರಬೇಕಿತ್ತು. ಒಂದೊಂದೇ ಸೇವ್ ಮಾಡಿದಾಗ ಮುಕ್ಕಾಲು ಗಂಟೆ. ಬಲ್ಕ್ ಕ್ರಿಯೇಟ್ (ಹಲವು ಸಾಲು ಒಟ್ಟಿಗೆ ಬರೆಯುವುದು), ಬ್ಯಾಚ್ ಸೈಜ್ 1,000 ಇಟ್ಟಾಗ ಎರಡು ನಿಮಿಷದೊಳಗೆ. ಆದರೆ ಬಲ್ಕ್ ಕ್ರಿಯೇಟ್ ಸೇವ್ ಮೆಥಡನ್ನು ಕರೆಯುವುದಿಲ್ಲ, ಸೇವ್ ಆದಾಗ ಬರುವ ಸಿಗ್ನಲ್‌ಗಳೂ ಏಳುವುದಿಲ್ಲ. ಊರಿನ ಹೆಸರು ಸ್ವಚ್ಛ ಮಾಡುವ ಕೋಡು ಸೇವ್ ಒಳಗಿತ್ತು. ಹೀಗಾಗಿ ಮೋಟೆಬೆನ್ನೂರ ಎಂದು ಹುಡುಕಿದರೆ ಅರ್ಧ ರೈತರು ಸಿಗಲಿಲ್ಲ. ಮೋ ಎಂಬಲ್ಲಿನ ಓತ್ವ ಯುನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಇರಬಹುದು, ಎತ್ವ, ಊತ್ವ, ದೀರ್ಘ ಎಂದು ಮೂರು ತುಂಡಾಗಿಯೂ ಇರಬಹುದು. ಕಣ್ಣಿಗೆ ಎರಡೂ ಒಂದೇ, ಡೇಟಾಬೇಸಿಗೆ ಬೇರೆ ಬೇರೆ. ಎನ್‌ಎಫ್‌ಸಿ (ತುಂಡುಗಳನ್ನು ಕೂಡಿಸಿ ಒಂದೇ ರೂಪಕ್ಕೆ ತರುವುದು) ಮಾಡಿದರೆ ಇದು ಸರಿಯಾಗುತ್ತದೆ. ಝಡ್‌ಡಬ್ಲ್ಯೂಜೆ, ಝಡ್‌ಡಬ್ಲ್ಯೂಎನ್‌ಜೆ ಎಂಬ ಕಣ್ಣಿಗೆ ಕಾಣದ ಚಿಹ್ನೆಗಳು ಮಾತ್ರ ಹಾಗೇ ಉಳಿಯುತ್ತವೆ, ಅವನ್ನು ಬೇರೆಯಾಗಿ ತೆಗೆಯಬೇಕು. ಹುಡುಕಲಿಕ್ಕೆಂದೇ ಒಂದು ಕಾಲಮ್ ಮಾಡಿ ಅದರಲ್ಲಿ ತೆಗೆದೆ, ಹೆಸರಿನ ಮೂಲವನ್ನು ಮುಟ್ಟಲಿಲ್ಲ. ಆ ಕಾಲಮಿಗೆ ಇನ್ನೇನೇನು ಮಾಡುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಗಿರಾಕಿಗಳು ನನ್ನ ಬಳಿ ಬರುವುದೇ ಆ ಹುಡುಕಾಟಕ್ಕಾಗಿ.

ನಡುವೆ ಎಸ್‌ಕ್ಯೂಎಲ್‌ಆಲ್ಕೆಮಿ ಎಂಬ ಇನ್ನೊಂದು ಪೈಥಾನ್ ಓಆರ್‌ಎಂ ಅನ್ನೂ ಒಂದು ವಾರ ನೋಡಿದೆ. ಅದರ ರೈಸ್‌ಲೋಡ್ ಬಹಳ ಹಿಡಿಸಿತು: ಮೊದಲೇ ತರದ ಸಂಬಂಧವನ್ನು ಮುಟ್ಟಿದರೆ ಸದ್ದಿಲ್ಲದೆ ಕ್ವೆರಿ ಕಳಿಸುವ ಬದಲು ಎರರ್ ಕೊಡುತ್ತದೆ. ಆದರೆ ಇಷ್ಟಕ್ಕಾಗಿ ಎಲ್ಲ ಮಾಡೆಲ್ ತಿರುಗಿ ಬರೆಯುವುದು ನನಗೆ ಗಿಟ್ಟಲಿಲ್ಲ. ಜ್ಯಾಂಗೋದಲ್ಲೇ ಪ್ರತಿ ಮುಖ್ಯ ತೆರೆಗೂ ಅಸರ್ಟ್ ನಮ್ ಕ್ವೆರೀಸ್ (ಕ್ವೆರಿಗಳ ಸಂಖ್ಯೆ ಎಣಿಸುವ) ಟೆಸ್ಟ್ ಬರೆದೆ. ಟೆಸ್ಟಿಗೆ ಕನಿಷ್ಠ ಮೂರು ಲಾಟ್, ಎರಡು ಪಾವತಿ ಇರುವ ರೈತನನ್ನೇ ಹಾಕಬೇಕು. ಒಂದೇ ಲಾಟ್, ಒಂದೇ ಪಾವತಿ ಇಟ್ಟರೆ ಮೇಲಿನ ಬಾಕಿ ಮೊತ್ತದ ತಪ್ಪು ಅದರಲ್ಲಿ ಕಾಣುವುದಿಲ್ಲ.