ಪೈಥಾನ್ ರೆಫರೆನ್ಸ್ ಪುಟವನ್ನು ತಿದ್ದುವ ಕ್ರಮ

ಕೆಲಸದ ನಡುವೆ ಇರುವ ಪ್ರೋಗ್ರಾಮರ್ ರೆಫರೆನ್ಸ್ ಪುಟವನ್ನು ಮೊದಲಿನಿಂದ ಕೊನೆಯವರೆಗೆ ಓದುವುದಿಲ್ಲ. ಒಂದು ಫಂಕ್ಷನ್ ಏನನ್ನು ಹಿಂದಿರುಗಿಸುತ್ತದೆ, ಯಾವಾಗ ಎರರ್ ಕೊಡುತ್ತದೆ ಎಂಬ ಒಂದೇ ಪ್ರಶ್ನೆ ಹಿಡಿದು ಬರುತ್ತಾರೆ, ಎರಡು ವಾಕ್ಯ ಓದುತ್ತಾರೆ, ಅದನ್ನೇ ನಂಬಿ ಕೋಡ್ ಬರೆಯುತ್ತಾರೆ. ಹೀಗಾಗಿ ರೆಫರೆನ್ಸಿನ ಪ್ರತಿಯೊಂದು ವಾಕ್ಯವೂ ಭಾಷೆಯು ತನ್ನ ಬಳಕೆದಾರರಿಗೆ ಕೊಟ್ಟ ಮಾತು. ಅದನ್ನು ತಿದ್ದಲು ಕೈಹಾಕುವವರು ಹೇಗೆ ಬರೆಯಬೇಕು ಎಂದು ಯೋಚಿಸುವ ಮೊದಲು, ಭಾಷೆ ನಿಜಕ್ಕೂ ಕೊಟ್ಟಿರುವ ಮಾತು ಯಾವುದು ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಪೈಥಾನ್ ದಾಖಲೆಯನ್ನು ಮುಂದಿಟ್ಟುಕೊಂಡು ಈ ಕೆಲಸದ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಪೈಥಾನಿನ ದಾಖಲೆಯೆಲ್ಲ ಸಿಪೈಥಾನ್ (ಪೈಥಾನ್ ಭಾಷೆಯನ್ನು ಓಡಿಸುವ ಮುಖ್ಯ ಪ್ರೋಗ್ರಾಂ, ಅಂದರೆ ಅದರ ಮುಖ್ಯ ಅನುಷ್ಠಾನ) ಕೋಡ್ ಇರುವ ರೆಪಾಸಿಟರಿಯಲ್ಲಿಯೇ, 'ಡಾಕ್' ಎಂಬ ಫೋಲ್ಡರಿನಲ್ಲಿದೆ. ಟ್ಯುಟೋರಿಯಲ್, ಲೈಬ್ರರಿ ರೆಫರೆನ್ಸ್, ಲ್ಯಾಂಗ್ವೇಜ್ ರೆಫರೆನ್ಸ್, ಹೌಟು ಲೇಖನಗಳು, ಪ್ರತಿ ಆವೃತ್ತಿಯ ಹೊಸ ಸಂಗತಿಗಳ ಪಟ್ಟಿ ಇವೆಲ್ಲಕ್ಕೂ ಒಳಗೆ ಬೇರೆಬೇರೆ ಫೋಲ್ಡರುಗಳಿವೆ. ಮೊದಲು ಲೇಟೆಕ್ಸ್‌ನಲ್ಲಿದ್ದ ಈ ದಾಖಲೆ 2008ರ ಸುಮಾರಿಗೆ ರೀಸ್ಟ್ರಕ್ಚರ್ಡ್‌ಟೆಕ್ಸ್ಟ್ ರೂಪಕ್ಕೆ ಬಂದಿತು. ಅದನ್ನು ವೆಬ್ ಪುಟಗಳಾಗಿಸುವ ಸ್ಫಿಂಕ್ಸ್ ಎಂಬ ಸಾಧನವನ್ನು ಗಿಯಾರ್ಗ್ ಬ್ರಾಂಡ್ಲ್ ಇದೇ ಕೆಲಸಕ್ಕಾಗಿ ಸಿದ್ಧಪಡಿಸಿದರು. ನೀವು ಹೇಳಬೇಕಾದ ಸಂಗತಿ ಯಾವ ಫೋಲ್ಡರಿಗೆ ಸೇರಿದ್ದು ಎಂಬುದನ್ನು ಮೊದಲೇ ತೀರ್ಮಾನಿಸಿ. ಹೊಸಬರಿಗೆ ಕೈಹಿಡಿದು ಕಲಿಸುವ ವಿವರಣೆ ಟ್ಯುಟೋರಿಯಲ್‌ಗೆ ಸೇರಬೇಕು. ರೆಫರೆನ್ಸಿನಲ್ಲಿ ಅದು ಬಂದರೆ ಉತ್ತರ ಹುಡುಕಿ ಬಂದವರಿಗೆ ಅಡ್ಡಿಯಾಗುತ್ತದೆ.

ಮುಂದಿನ ಹಂತ ವರ್ತನೆಯನ್ನು ಪರೀಕ್ಷಿಸುವುದು. ಹೆಚ್ಚಿನ ತಪ್ಪುಗಳು ಹುಟ್ಟುವುದು ಇಲ್ಲಿಯೇ ಆದ್ದರಿಂದ ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಸ್ಟ್ರಿಂಗ್‌ಗಳಿಗೆ 'ಎಲ್‌ಸ್ಟ್ರಿಪ್' ಎಂಬ ಮೆಥಡ್ ಇದೆ. 'ನವಯುಗ' ಎಂಬ ಸ್ಟ್ರಿಂಗ್ ಮೇಲೆ 'ನವ' ಎಂಬ ಆರ್ಗ್ಯುಮೆಂಟ್ ಕೊಟ್ಟು ಅದನ್ನು ಓಡಿಸಿದರೆ 'ಯುಗ' ಎಂಬ ಉತ್ತರ ಬರುತ್ತದೆ. ಇಷ್ಟನ್ನೇ ನೋಡಿದವರು, ಸ್ಟ್ರಿಂಗಿನ ಆರಂಭದಲ್ಲಿರುವ ಪೂರ್ವಪದವನ್ನು ಈ ಮೆಥಡ್ ತೆಗೆಯುತ್ತದೆ ಎಂದು ಬರೆದುಬಿಡಬಹುದು. ಅದೇ ಆರ್ಗ್ಯುಮೆಂಟನ್ನು 'ನವವಧು' ಎಂಬ ಸ್ಟ್ರಿಂಗಿಗೆ ಕೊಟ್ಟು ನೋಡಿ: 'ವಧು' ಬರುವುದಿಲ್ಲ, 'ಧು' ಬರುತ್ತದೆ. ಎಲ್‌ಸ್ಟ್ರಿಪ್ 'ನವ' ಎಂಬುದನ್ನು ಒಂದು ಪದವಾಗಿ ನೋಡದೆ, 'ನ' ಮತ್ತು 'ವ' ಎಂಬ ಎರಡು ಅಕ್ಷರಗಳ ಗಣವಾಗಿ ತೆಗೆದುಕೊಳ್ಳುತ್ತದೆ. ಆ ಗಣಕ್ಕೆ ಸೇರದ ಅಕ್ಷರ ಸಿಗುವವರೆಗೂ ಎಡದಿಂದ ಕಳೆಯುತ್ತಲೇ ಹೋಗುತ್ತದೆ. ಮೊದಲ ಪರೀಕ್ಷೆಯ ಉತ್ತರ ಸರಿಯಾಗಿತ್ತು, ಅದರಿಂದ ಕಟ್ಟಿದ ವಾಕ್ಯ ಮಾತ್ರ ತಪ್ಪಾಗಿತ್ತು. ಹಾಗಾಗಿ ನಿಮ್ಮ ವಾಕ್ಯವನ್ನು ಸಮರ್ಥಿಸುವ ಉದಾಹರಣೆಯೊಂದನ್ನು ಮಾತ್ರ ಹುಡುಕದೆ, ಅದನ್ನು ಸುಳ್ಳಾಗಿಸಬಲ್ಲ ಉದಾಹರಣೆಗಾಗಿ ಹಟ ಹಿಡಿದು ಹುಡುಕಿ. ಖಾಲಿ ಸ್ಟ್ರಿಂಗ್, ಸೊನ್ನೆ, ಋಣ ಸಂಖ್ಯೆ, ಮೌಲ್ಯವಿಲ್ಲ ಎಂದು ಸೂಚಿಸುವ 'ನನ್' (None), ಒಂದೇ ಅಕ್ಷರ ಮರುಕಳಿಸುವ ಪದ ಇವುಗಳನ್ನು ಪರೀಕ್ಷಿಸದೆ ಬರೆಯಲು ಕೂರಬೇಡಿ.

ಈ ಗೊಂದಲ ಎಷ್ಟು ವ್ಯಾಪಕವಾಗಿತ್ತೆಂದರೆ, ಪೂರ್ವಪದವನ್ನು ಮಾತ್ರ ತೆಗೆಯುವ 'ರಿಮೂವ್‌ಪ್ರಿಫಿಕ್ಸ್' ಎಂಬ ಪ್ರತ್ಯೇಕ ಮೆಥಡ್ ಪೆಪ್ (ಪೈಥಾನ್ ಬದಲಾವಣೆಯ ಪ್ರಸ್ತಾವ) 616ರ ಮೂಲಕ 2020ರ ಪೈಥಾನ್ 3.9ಕ್ಕೆ ಸೇರಿತು. ಎಲ್‌ಸ್ಟ್ರಿಪ್‌ನ ಪುಟವು ಈಗ ತನ್ನ ಆರ್ಗ್ಯುಮೆಂಟ್ ಪೂರ್ವಪದವಲ್ಲ ಎಂದು ನೇರವಾಗಿ ಹೇಳಿ, ರಿಮೂವ್‌ಪ್ರಿಫಿಕ್ಸ್‌ನತ್ತ ಓದುಗರನ್ನು ಕಳಿಸುತ್ತದೆ. ಒಂದು ಫಂಕ್ಷನ್ ಏನು ಮಾಡುತ್ತದೆ ಎಂದು ಹೇಳಿದರೆ ಸಾಲದೆ ಹೋದಾಗ, ಜನ ಅದನ್ನು ಏನೆಂದು ತಪ್ಪಾಗಿ ಭಾವಿಸುತ್ತಾರೋ ಅದನ್ನೂ ಹೆಸರಿಸಿ ಅಲ್ಲಗಳೆಯುವುದು ರೆಫರೆನ್ಸಿಗೆ ಒಪ್ಪುವ ಕ್ರಮವೇ. ಆದರೆ ಅಂಥ ವಾಕ್ಯಗಳನ್ನು ನಿಜವಾಗಿ ಎಡವುವ ಜಾಗಗಳಿಗೆ ಮೀಸಲಿಡಿ. ಪುಟದ ತುಂಬ ಎಚ್ಚರಿಕೆಗಳಿದ್ದರೆ ಯಾವುದನ್ನೂ ಯಾರೂ ಓದುವುದಿಲ್ಲ.

ಪರೀಕ್ಷೆಯಲ್ಲಿ ಕಂಡದ್ದೆಲ್ಲ ಭಾಷೆ ಕೊಟ್ಟ ಮಾತು ಎಂದು ತಿಳಿಯಬಾರದು. ಡಿಕ್ಷನರಿಗಳ ಕಥೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಪೈಥಾನ್ 3.6 ಬಂದಾಗ ಸಿಪೈಥಾನಿನ ಡಿಕ್ಷನರಿಗಳು ಕೀಗಳನ್ನು ಸೇರಿಸಿದ ಕ್ರಮದಲ್ಲಿಯೇ ಉಳಿಸಿಕೊಳ್ಳತೊಡಗಿದವು. ಯಾರು ಓಡಿಸಿ ನೋಡಿದರೂ ಕ್ರಮ ತಪ್ಪುತ್ತಿರಲಿಲ್ಲ. ಆದರೂ ಆ ಆವೃತ್ತಿಯ ದಾಖಲೆ, ಇದು ಅನುಷ್ಠಾನದ ಒಂದು ವಿವರ, ಇದನ್ನು ನೆಚ್ಚಬೇಡಿ ಎಂದೇ ಹೇಳಿತು. ಪೈಥಾನಿನ ಸೃಷ್ಟಿಕರ್ತ ಗೀಡೋ ವಾನ್ ರಾಸಮ್ 2017ರ ಡಿಸೆಂಬರಿನಲ್ಲಿ ತೀರ್ಮಾನ ಕೊಟ್ಟ ಮೇಲೆ, 2018ರಲ್ಲಿ ಬಂದ 3.7ರಿಂದ ಅದು ಭಾಷೆಯ ಖಾತರಿಯಾಯಿತು. ಎರಡು ಆವೃತ್ತಿಗಳ ನಡುವೆ ಬಳಕೆದಾರರಿಗೆ ಕಾಣುವ ವರ್ತನೆ ಬದಲಾಗಲಿಲ್ಲ. ದಾಖಲೆಯ ವಾಕ್ಯ ಬದಲಾಯಿತು, ಅದರೊಂದಿಗೆ ಹೊಣೆಯೂ ಬದಲಾಯಿತು. 3.6ರ ಕಾಲದಲ್ಲಿ ಯಾರಾದರೂ ಸದುದ್ದೇಶದಿಂದಲೇ ಆ ಎಚ್ಚರಿಕೆಯನ್ನು ತೆಗೆದುಹಾಕಿದ್ದರೆ, ಪೈಥಾನಿನ ಬೇರೆ ಅನುಷ್ಠಾನಗಳ ಮೇಲೆ ಅವರು ತಮಗೆ ಅಧಿಕಾರವಿಲ್ಲದ ಭಾರವನ್ನು ಹೊರಿಸಿದಂತಾಗುತ್ತಿತ್ತು.

ಖಾತರಿ ಯಾವುದು, ಕಾಕತಾಳೀಯ ಯಾವುದು ಎಂದು ತಿಳಿಯಲು ಸಂಬಂಧಿಸಿದ ಪೆಪ್ ಓದಿ, ಟೆಸ್ಟ್‌ಗಳನ್ನು ನೋಡಿ, ಆ ಸಾಲನ್ನು ಸೇರಿಸಿದ ಕಮಿಟ್ ಮತ್ತು ಅದರ ಹಿಂದಿನ ಚರ್ಚೆಯನ್ನು ಹುಡುಕಿ. ಟೆಸ್ಟ್ ಇದ್ದ ಮಾತ್ರಕ್ಕೆ ಖಾತರಿ ಇದೆ ಎಂದಲ್ಲ, ಸಿಪೈಥಾನಿಗೆ ಮಾತ್ರ ಅನ್ವಯಿಸುವ ಟೆಸ್ಟ್‌ಗಳೂ ಇವೆ. ಇಷ್ಟಾದರೂ ಸ್ಪಷ್ಟವಾಗದಿದ್ದರೆ ಇಷ್ಯೂ (ಸಮಸ್ಯೆ ಅಥವಾ ಪ್ರಶ್ನೆಯ ದಾಖಲು) ತೆರೆದು ಕೇಳಿ. ಸಿಪೈಥಾನಿಗೆ ಸೀಮಿತವಾದ ವಿವರವನ್ನು ಹೇಳಲೇಬೇಕಾದರೆ, ಅದಕ್ಕೆಂದೇ ಇರುವ 'ಅನುಷ್ಠಾನದ ವಿವರ' ಎಂಬ, ಪಠ್ಯವನ್ನು ವಿಶೇಷವಾಗಿ ಗುರುತಿಸುವ ಡೈರೆಕ್ಟಿವ್‌ನ ಒಳಗೆ ಬೇರೆಯಾಗಿ ಇಡಿ.

ಬರೆಯುವಾಗ ವರ್ತಮಾನ ಕಾಲದ ಸರಳ ವಾಕ್ಯಗಳು ಸಾಕು. 'ಈಗ', 'ಇತ್ತೀಚೆಗೆ', 'ಹೊಸದಾಗಿ' ಎಂಬ ಪದಗಳನ್ನು ಬಿಡಿ, ಏಕೆಂದರೆ ಆ ಪುಟ ಹತ್ತು ವರ್ಷ ಹಾಗೆಯೇ ಉಳಿಯಬಹುದು. ಕಾಲವನ್ನು ಹೇಳಲು ಆವೃತ್ತಿಯ ಟಿಪ್ಪಣಿಗಳಿವೆ: ಸೇರಿದ್ದಕ್ಕೆ ಒಂದು ಡೈರೆಕ್ಟಿವ್, ಬದಲಾದದ್ದಕ್ಕೆ ಒಂದು, ಕೈಬಿಡಲಿರುವುದಕ್ಕೆ ಇನ್ನೊಂದು. ಕೊನೆಯದರಲ್ಲಿ ಎರಡು ಸಂಖ್ಯೆಗಳನ್ನು ಕೊಡುವ ರೂಪವೂ ಇದೆ, ಡಿಸ್ಟ್ಯುಟಿಲ್ಸ್ 3.10ರಲ್ಲಿ ಬೇಡವೆನಿಸಿಕೊಂಡು 3.12ರಲ್ಲಿ ಹೊರಬಿದ್ದಂತೆ, ಎರಡೂ ಘಟ್ಟಗಳು ಓದುಗರಿಗೆ ಮೊದಲೇ ಕಾಣಬೇಕು. ಇನ್ನೂ ಬಿಡುಗಡೆಯಾಗದ ಬದಲಾವಣೆಗೆ ಸಂಖ್ಯೆಯ ಬದಲು 'ನೆಕ್ಸ್ಟ್' ಎಂದು ಬರೆದರೆ, ಬಿಡುಗಡೆಯ ಸಮಯದಲ್ಲಿ ಸರಿಯಾದ ಸಂಖ್ಯೆ ತಾನಾಗಿ ಕೂರುತ್ತದೆ.

ಆವೃತ್ತಿಯ ಸಂಖ್ಯೆಯಲ್ಲಿ ಉದಾಸೀನ ಬೇಡ. ಬಹಳ ಉದ್ದದ ಅಂಕಿಗಳ ಸ್ಟ್ರಿಂಗನ್ನು ಪೂರ್ಣಾಂಕವಾಗಿಸುವಾಗ ತಗಲುವ ಸಮಯವನ್ನು ದಾಳಿಗೆ ಬಳಸಬಹುದೆಂಬ ಕಾರಣಕ್ಕೆ, ದಶಮಾನ ರೂಪದ ಪರಿವರ್ತನೆಗೆ 4300 ಅಂಕಿಗಳ ಪೂರ್ವನಿಯೋಜಿತ ಮಿತಿಯನ್ನು 2022ರಲ್ಲಿ ತರಲಾಯಿತು. ಅದು 3.11ರ ಜೊತೆಗೆ, ಭದ್ರತೆಯ ತಿದ್ದುಪಡಿಯಾಗಿ 3.10.7ರಂಥ ಹಳೆಯ ಸರಣಿಗಳ ಬಿಡುಗಡೆಗಳಿಗೂ ಬಂತು. 3.10.6ರಲ್ಲಿ ಓಡುತ್ತಿದ್ದ ಪ್ರೋಗ್ರಾಂ 3.10.7ರಲ್ಲಿ ವ್ಯಾಲ್ಯೂಎರರ್ ಕೊಟ್ಟು ನಿಂತಾಗ, ಟಿಪ್ಪಣಿಯಲ್ಲಿ 3.11 ಎಂದಷ್ಟೇ ಇದ್ದರೆ ಕಾರಣ ಹುಡುಕುವವರು ದಾರಿ ತಪ್ಪುತ್ತಾರೆ.

ರೀಸ್ಟ್ರಕ್ಚರ್ಡ್‌ಟೆಕ್ಸ್ಟ್ ಜಾಗ ಬಿಡುವುದರಲ್ಲಿ ಕಟ್ಟುನಿಟ್ಟು. ಡೈರೆಕ್ಟಿವ್‌ನ ಒಳಗಿನ ಪಠ್ಯವನ್ನು ಮೂರು ಸ್ಪೇಸ್ ಒಳಗೆ ಸರಿಸಿ, ಸಾಲುಗಳನ್ನು 80 ಅಕ್ಷರಗಳೊಳಗೆ ಮುರಿಯಿರಿ. ಫಂಕ್ಷನ್, ಮೆಥಡ್, ಕ್ಲಾಸ್ ಹೆಸರುಗಳಿಗೆ ಆಯಾ ರೋಲ್ (ಹೆಸರು ಯಾವ ಬಗೆಯದು ಎಂದು ತಿಳಿಸುವ ಗುರುತು) ಬಳಸಿದರೆ ಅವು ತಾವಾಗಿಯೇ ಲಿಂಕ್ ಆಗುತ್ತವೆ. ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಸ್ಫಿಂಕ್ಸ್ ಸಾಮಾನ್ಯವಾಗಿ ದೂರದೆ, ಲಿಂಕ್ ಇಲ್ಲದ ಪಠ್ಯವನ್ನಷ್ಟೇ ತೋರಿಸುತ್ತದೆ. ಆದ್ದರಿಂದ ನೀವು ಸೇರಿಸಿದ ಪ್ರತಿ ಲಿಂಕನ್ನೂ ಒತ್ತಿ ನೋಡಬೇಕು.

ಡಾಕ್ ಫೋಲ್ಡರಿನಲ್ಲಿ 'ಮೇಕ್' ಆಜ್ಞೆಯಿಂದಲೇ ಎಲ್ಲ ನಡೆಯುತ್ತದೆ. ಅದರ 'ವೆನ್ವ್' ಗುರಿ ಬೇಕಾದ ಸಾಧನಗಳನ್ನು ಸ್ಥಾಪಿಸುತ್ತದೆ, 'ಎಚ್‌ಟಿಎಂಎಲ್' ಪುಟಗಳನ್ನು ಕಟ್ಟುತ್ತದೆ, 'ಚೆಕ್' ಬರವಣಿಗೆಯ ರೂಪದೋಷಗಳನ್ನು ಹಿಡಿಯುತ್ತದೆ, 'ಡಾಕ್‌ಟೆಸ್ಟ್' ಪುಟದ ಉದಾಹರಣೆಗಳನ್ನು ಓಡಿಸಿ ಉತ್ತರಗಳನ್ನು ಹೋಲಿಸುತ್ತದೆ. ಉದಾಹರಣೆಯ ಉತ್ತರವನ್ನು ಊಹಿಸಿ ಟೈಪ್ ಮಾಡದೆ, ಇಂಟರ್‌ಪ್ರಿಟರಿನಲ್ಲಿ ಬಂದದ್ದನ್ನೇ ತಂದು ಹಾಕಿ. ಆಮೇಲೆ ಕಟ್ಟಿದ ಪುಟವನ್ನು ಬ್ರೌಸರಿನಲ್ಲಿ ತೆರೆದು, ನಿಮ್ಮ ವಾಕ್ಯವನ್ನು ಮಾತ್ರವಲ್ಲದೆ ಅದರ ಹಿಂದುಮುಂದಿನ ಪ್ಯಾರಾಗಳನ್ನೂ ಓದಿ. ಅದೇ ಸಂಗತಿಯನ್ನು ಮೂರು ಪ್ಯಾರಾ ಕೆಳಗೆ ಇನ್ನೊಂದು ವಾಕ್ಯ ಬೇರೆ ರೀತಿಯಲ್ಲಿ ಹೇಳುತ್ತಿರಬಹುದು.

ಪುಲ್ ರಿಕ್ವೆಸ್ಟನ್ನು, ಅಂದರೆ ನಿಮ್ಮ ತಿದ್ದುಪಡಿಯನ್ನು ಸೇರಿಸಿಕೊಳ್ಳುವ ಕೋರಿಕೆಯನ್ನು, 'ಮೇನ್' ಬ್ರಾಂಚಿಗೆ ಕಳಿಸಿ. ಕಾಗುಣಿತದ ತಿದ್ದುಪಡಿಗೆ ಇಷ್ಯೂ ಬೇಕಿಲ್ಲ. ಅರ್ಥ ಬದಲಾಗುವುದಾದರೆ ಮೊದಲು ಇಷ್ಯೂ ಇರಲಿ, ಅದರ ಸಂಖ್ಯೆ ಶೀರ್ಷಿಕೆಯಲ್ಲಿ ಬರಲಿ. ಮೊದಲ ಸಲ ಕಳಿಸುವವರು ಕೊಡುಗೆದಾರರ ಪರವಾನಗಿ ಒಪ್ಪಂದಕ್ಕೆ ಸಹಿ ಹಾಕಬೇಕಾಗುತ್ತದೆ. ವಿವರಣೆಯಲ್ಲಿ, ಹಳೆಯ ವಾಕ್ಯ ಯಾವ ಸಂದರ್ಭದಲ್ಲಿ ಸುಳ್ಳಾಗುತ್ತದೆ ಎಂಬುದನ್ನು ಓಡಿಸಿ ನೋಡಬಹುದಾದ ಉದಾಹರಣೆಯೊಂದಿಗೆ ಬರೆಯಿರಿ. 'ನವವಧು'ವಿನಂಥ ಒಂದೇ ಸಾಲು ಪರಿಶೀಲಕರ ಎಷ್ಟೋ ಪ್ರಶ್ನೆಗಳಿಗೆ ಉತ್ತರ ಕೊಡುತ್ತದೆ. ಅಂಥ ತಿದ್ದುಪಡಿಯೊಳಗೆ ಅಕ್ಕಪಕ್ಕದ ಶೈಲಿಯ ಬದಲಾವಣೆಗಳನ್ನು ಬೆರೆಸಬೇಡಿ.

ಮರ್ಜ್ ಆದ ಮೇಲೆ ಹಳೆಯ ಆವೃತ್ತಿಗಳ ಪುಟಗಳು ಉಳಿಯುತ್ತವೆ. ತಪ್ಪು ಅಲ್ಲಿಯೂ ಇದ್ದರೆ, ಇನ್ನೂ ದೋಷ ತಿದ್ದುಪಡಿ ಪಡೆಯುತ್ತಿರುವ ಬ್ರಾಂಚುಗಳಿಗೆ ಬ್ಯಾಕ್‌ಪೋರ್ಟ್ ಲೇಬಲ್ ಹಾಕುವಂತೆ ಪರಿಶೀಲಕರನ್ನು ಕೇಳಿ. ಲೇಬಲ್ ಬಿದ್ದರೆ ಬಾಟ್ ಒಂದೊಂದು ಬ್ರಾಂಚಿಗೂ ಬೇರೆ ಪುಲ್ ರಿಕ್ವೆಸ್ಟ್ ತೆರೆಯುತ್ತದೆ, ಪಠ್ಯ ತಾಳೆಯಾಗದಿದ್ದರೆ ಕೈಯಿಂದಲೇ ಮಾಡಬೇಕಾಗುತ್ತದೆ. ಅದಕ್ಕೂ ಮುನ್ನ ನಿಮ್ಮ ವಾಕ್ಯ ಆ ಆವೃತ್ತಿಯಲ್ಲಿಯೂ ನಿಜವೇ ಎಂದು ಅದೇ ಆವೃತ್ತಿಯ ಇಂಟರ್‌ಪ್ರಿಟರಿನಲ್ಲಿ ಓಡಿಸಿ ನೋಡಿ. 3.14ರಲ್ಲಿ ಮಾತ್ರ ಇರುವ ಫಂಕ್ಷನ್ನಿನತ್ತ ಬೆರಳು ತೋರಿಸುವ ವಾಕ್ಯ 3.13ರ ಪುಟಕ್ಕೆ ಹೋಗಬಾರದು.